ಮೂರ್ನಾಡಿನಲ್ಲಿ ಇಳಿದುಹೋದ ಹಿರಿಯರಿಗೆ

ಮಡಿಕೇರಿ ಬಸ್ಸಿನಲ್ಲಿ ನನ್ನ ಮಗಳ ಪಕ್ಕ ಕುಳಿತಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಮೂರ್ನಾಡಿನಲ್ಲಿ ಇಳಿದುಬಿಟ್ಟಿರಿ. ಇಂಗ್ಲಿಷ್ ಪದಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದವಳಿಗೆ ಲ್ಯಾಟಿನ್ನಿನ ‘ಪೋರ್ಟಾರೆ’, ಅಂದರೆ ಹೊರುವುದು, ಎಂಬ ಒಂದೇ ಬೇರನ್ನು ತೋರಿಸಿದಿರಿ. ಕಾಫಿ ಮೂಟೆ ದೇಶದಾಚೆ ಹೋದರೆ ಎಕ್ಸ್‌ಪೋರ್ಟ್, ಹೊರಗಿನದು ಒಳಬಂದರೆ ಇಂಪೋರ್ಟ್, ಹೊರುವವನು ಪೋರ್ಟರ್, ಸುದ್ದಿಯನ್ನು ಹೊತ್ತು ಮರಳಿದರೆ ರಿಪೋರ್ಟ್. ‘ಸಪೋರ್ಟ್’ ಎಂದರೆ ಕೆಳಗಿನಿಂದ ಹೊರುವುದು ಎನ್ನುತ್ತಾ ಕಿಟಕಿಯಾಚೆ ಕರಿಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಮರಕ್ಕೆ ಬೆರಳು ಮಾಡಿದಿರಲ್ಲ, ಅಲ್ಲಿ ನಾನೂ ವಿದ್ಯಾರ್ಥಿಯಾದೆ! ಬಂದರು ಎಂಬರ್ಥದ ‘ಪೋರ್ಟ್’ ಮಾತ್ರ ‘ಪೋರ್ಟುಸ್’ ಎಂಬ ಇನ್ನೊಂದು ಪದದಿಂದ ಬಂದದ್ದು, ಬೆರೆಸಬೇಡ ಎಂದು ಎಚ್ಚರಿಸಿದ್ದೂ ನೆನಪಿದೆ. ಈಗ ಅವಳು ಟ್ರಾನ್ಸ್‌ಪೋರ್ಟ್ ಲಾರಿಗಳ ಬೋರ್ಡನ್ನೂ ಬಿಡಿಸಿ ಓದುತ್ತಾಳೆ. ನಿಮಗೆ ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದ.