ಫೋಟೋಕ್ಯಾಟಲಿಸ್ಟ್ ಫಲಿತಾಂಶ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಫೋಟೋಕ್ಯಾಟಲಿಸ್ಟ್, ಅಂದರೆ ಬೆಳಕು ಬಿದ್ದಾಗ ನೀರಿನಲ್ಲಿರುವ ಕೊಳೆಯನ್ನು ಒಡೆಯುವ ಪುಡಿ, ಹಾಕಿ ಬಣ್ಣದ ನೀರು ತಿಳಿಯಾದ ಫೋಟೋಗಳು ಗುಂಪಿನಲ್ಲಿ ಜಾಸ್ತಿ ಬರುತ್ತಿವೆ. ನೋಡಿ ಖುಷಿಯಾಗುತ್ತದೆ. ಆದರೆ ಬಣ್ಣ ಹೋದ ಮಾತ್ರಕ್ಕೆ ಡೈ (ಬಣ್ಣ ಕೊಡುವ ರಾಸಾಯನಿಕ) ಒಡೆದಿದೆ ಎಂದಲ್ಲ. ಅದು ಸುಮ್ನೆ ಪುಡಿಗೆ ಅಂಟಿಕೊಂಡಿರಬಹುದು. ನ್ಯಾನೋ ಕಣಗಳಿಗೆ ಮೇಲ್ಮೈ ಜಾಸ್ತಿ ಅಲ್ವಾ, ಅಂಟುವುದೂ ಜಾಸ್ತಿ. ಬೆಳಕಿಗೇ ಬಣ್ಣ ಮಾಸಿರಲೂಬಹುದು. ಹಾಗಾಗಿ ಪುಡಿ ಹಾಕಿ ಕತ್ತಲಲ್ಲಿಟ್ಟ ಮಾದರಿ, ಪುಡಿ ಹಾಕದೆ ಬೆಳಕಿಗಿಟ್ಟ ಮಾದರಿ, ಎರಡರ ಅಳತೆಯನ್ನೂ ದಯವಿಟ್ಟು ಜೊತೆಗೆ ಹಾಕಿ. ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ ಅಳೆದಿದ್ದರೆ ಇನ್ನೂ ಒಳ್ಳೆಯದು. ಡೈ ಪೂರ್ತಿ ಒಡೆದಿದೆಯೇ ಎಂದು ಹೇಳುವುದು ಅದೇ.

ಯಾವ ದೀಪ ಬಳಸಿದಿರಿ ಅಂತಲೂ ಬರೆಯಿರಿ. ಇಂಥ ಪುಡಿಗಳಲ್ಲೊಂದಾದ, ಅನಾಟೇಸ್ ಎಂಬ ಹರಳು ರೂಪದ ಟೈಟಾನಿಯಂ ಡೈಆಕ್ಸೈಡ್‌ಗೆ ಸುಮಾರು 387 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಯ ಬೆಳಕು ಬೇಕು. ಬಿಸಿಲಿನಲ್ಲಿ ಅಂಥ ಯುವಿ (ಅತಿನೇರಳೆ) ಬೆಳಕು ತೀರಾ ಕಡಿಮೆ.

ಬ್ಯಾಕ್ಟೀರಿಯಾ ಪರೀಕ್ಷೆಗೂ ಇದೇ ಮಾತು. ಬೆಳಕು ಬಿದ್ದ ಪುಡಿಯಿಂದ ಹುಟ್ಟುವ, ಬೇಗ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳು ಅವುಗಳ ಹೊರಪೊರೆ ಹಾಳುಮಾಡುತ್ತವೆ, ನಿಜ. ಆದರೆ ಯುವಿ ಒಂದೇ ಸಾಕು, ಎಷ್ಟೋ ಸಾಯುತ್ತವೆ. ಇನ್ನೊಂದು, ಬರೀ ಶೇಕಡಾವಾರು ಹಾಕಬೇಡಿ. ಹತ್ತು ಲಕ್ಷದಲ್ಲಿ ಶೇ. 99 ಸತ್ತರೂ 10,000 ಉಳಿದಿರುತ್ತವೆ. ಉಳಿದವು ಎಷ್ಟು ಎಂಬುದನ್ನೇ ಬರೆಯಿರಿ.

ಪುಡಿ ಬೆರೆತ ನೀರನ್ನು ಸೋಸದೆ ಚರಂಡಿಗೆ ಸುರಿಯಬೇಡಿ.