ದನದ ದೊಡ್ಡಿಯ ಕೀಲಿ

ಎಷ್ಟೋ ವರ್ಷಗಳಿಂದ ಪಾಳು ಬಿದ್ದಿದ್ದ ದನದ ದೊಡ್ಡಿಯನ್ನೂ ಅದಕ್ಕೆ ಸೇರಿದ ಎಂಟು ಗುಂಟೆ ಜಾಗವನ್ನೂ ನಮ್ಮ ನಗರಸಭೆ ಬೀದಿನಾಯಿಗಳನ್ನು ನೋಡಿಕೊಳ್ಳುವ ನಮ್ಮ ಪ್ರಾಣಿದಯಾ ಟ್ರಸ್ಟಿಗೆ ಬಿಟ್ಟುಕೊಟ್ಟಿದೆ. ಕಳೆದ ಸೋಮವಾರ ದಾನಪತ್ರ ನೋಂದಣಿಯಾಯಿತು. ಸಾಮಾನ್ಯ ಸಭೆಯ ನಿರ್ಣಯದಿಂದ ಸರ್ಕಾರದ ಅನುಮೋದನೆಯವರೆಗೆ ಈ ಕಡತ ಎಲ್ಲೆಲ್ಲಿ ನಿಂತು, ಎಲ್ಲೆಲ್ಲಿ ಹೊರಟಿತೆಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಅಧ್ಯಕ್ಷರಿಗೆ, ಪೌರಾಯುಕ್ತರಿಗೆ, ಸದಸ್ಯರಿಗೆ, ಬಿಸಿಲಲ್ಲಿ ನಿಂತು ಅಳತೆ ಮಾಡಿಕೊಟ್ಟ ಭೂಮಾಪಕರಿಗೆ, ನಾಯಿಮರಿಗಳನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡ ಗೆಳೆಯರಿಗೆ ಮನಸಾರೆ ವಂದನೆ.

ಸಭೆಯ ದಿನ ನಮ್ಮ ವಿರುದ್ಧ ಮಾತನಾಡಿದ ತಾಯಿಗೂ ನಾನು ಋಣಿ. ನಾಯಿ ಕಡಿದ ಮಗನನ್ನು ಲಸಿಕೆಗಾಗಿ ನಾಲ್ಕು ಸಲ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಓಡಾಡಿದ ಅವರು, ಊರಿನ ಜಾಗವನ್ನು ನಾಯಿಗೇಕೆ ಕೊಡಬೇಕೆಂದು ಕೇಳಿದರು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೇ ಇಲ್ಲವೆನ್ನುವಷ್ಟು ವಿರಳವಾದ್ದರಿಂದ, ಅವರ ಭಯ ನ್ಯಾಯವಾದದ್ದು. ನಾಯಿಗಳನ್ನು ಹಿಡಿದು ದೂರ ಬಿಟ್ಟರೆ ಖಾಲಿಯಾದ ಬೀದಿಗೆ ಲಸಿಕೆ ಕಾಣದ ಬೇರೆ ನಾಯಿಗಳು ಬಂದು ಸೇರುತ್ತವೆ. ಆದ್ದರಿಂದಲೇ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಚೇತರಿಸಿಕೊಂಡ ಮೇಲೆ ಅದೇ ಬೀದಿಗೆ ಬಿಡಬೇಕೆಂದು ಹೇಳುತ್ತವೆ. ಆ ಕೆಲಸಕ್ಕೆ ಒಂದು ಸೂರು ಬೇಕಿತ್ತು. ಆ ತಾಯಿ ಕೇಳಿದಂತೆ ಕಾಂಪೌಂಡ್ ಗೋಡೆಯನ್ನು ಎತ್ತರಿಸಿದ ನಂತರವೇ ಒಳಗೆ ಕೆಲಸ ಶುರುವಾಗುತ್ತದೆ.

1871ರ ಜಾನುವಾರು ಅತಿಕ್ರಮಣ ಕಾಯ್ದೆಯ ಕಾಲದಿಂದಲೂ ನಮ್ಮ ಊರುಗಳಲ್ಲಿ ಬೆಳೆಗೆ ನುಗ್ಗಿದ ದನಗಳನ್ನು ದೊಡ್ಡಿಗೆ ಹಾಕಿ, ದಂಡವನ್ನೂ ಮೇವಿನ ಖರ್ಚನ್ನೂ ವಸೂಲಿ ಮಾಡಿ ಬಿಡುವುದು ರೂಢಿಯಾಗಿತ್ತು. ಗೋಡೆಯಲ್ಲಿ ಕಬ್ಬಿಣದ ಬಳೆಗಳು ಈಗಲೂ ಇವೆ. ಕಲ್ಲಿನ ಬಾನಿ ಒಂದಿಷ್ಟೂ ಬಿರುಕು ಬಿಟ್ಟಿಲ್ಲ.

ಆದರೆ ಆ ದೊಡ್ಡಿಯ ಬಾಗಿಲು ನಮಗೆ ತೆರೆದದ್ದು ದಾನಪತ್ರಕ್ಕಿಂತ ಬಹಳ ಮೊದಲು. ಪಕ್ಕದ ಓವರ್‌ಹೆಡ್ ಟ್ಯಾಂಕಿನ ವಾಲ್‌ಮನ್ ಅಣ್ಣ ಊರಿಗೆ ನೀರು ಬಿಡುವ ತಮ್ಮ ವಾಲ್ವ್ ಕೀಲಿಗಳನ್ನು ದೊಡ್ಡಿಯ ಮೂಲೆಯ ಕೋಣೆಯಲ್ಲಿ ಗೂಟಕ್ಕೆ ನೇತುಹಾಕುತ್ತಿದ್ದುದರಿಂದ ಬೀಗದ ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಜುಲೈ ತಿಂಗಳ ಆ ರಾತ್ರಿ ನಮ್ಮ ಬಾಡಿಗೆ ಶೆಡ್ಡಿಗೆ ಹಳ್ಳದ ನೀರು ನುಗ್ಗಿದಾಗ ಹನ್ನೊಂದು ಗಂಟೆ ದಾಟಿತ್ತು. ಮೂವತ್ತೊಂದು ನಾಯಿಗಳು, ಅವುಗಳಲ್ಲಿ ಏಳು ಪಾರ್ವೋ ಎಂಬ ವೈರಸ್ ರೋಗ ತಗುಲಿದ ಮರಿಗಳು, ಜೊತೆಗೆ ನಾನೊಬ್ಬಳು. ಟಾರ್ಚು ಹಿಡಿದು ಬಂದ ಅಣ್ಣ ಏನನ್ನೂ ಕೇಳದೆ ಲುಂಗಿ ಎತ್ತಿಕಟ್ಟಿ ನೀರಿಗಿಳಿದರು. ಮರಿಗಳನ್ನು ಟೊಮೆಟೊ ಕ್ರೇಟುಗಳಲ್ಲಿಟ್ಟು ತಲೆಯ ಮೇಲೆ ಹೊತ್ತು ಸಾಗಿಸಿದರು. ದೊಡ್ಡ ನಾಯಿಗಳನ್ನು ಒಂದೊಂದಾಗಿ ನಡೆಸಿಕೊಂಡು ಬಂದರು. ದೊಡ್ಡಿಯ ಬೀಗ ತೆಗೆದ ಮೇಲೆಯೇ ನಗರಸಭೆಯ ಎಂಜಿನಿಯರಿಗೆ ಫೋನ್ ಮಾಡಿ, ತೆಗೆದಿದ್ದೇನೆ ಎಂದು ತಿಳಿಸಿದರು.

ನಮ್ಮ ಪಶುವೈದ್ಯೆ ಫೋನಿನಲ್ಲಿ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ತಣ್ಣಗಾಗುತ್ತಿದ್ದ ಮರಿಗಳಿಗೆ ಡ್ರಿಪ್ ಬೆಚ್ಚಗಿರಬೇಕಿತ್ತು, ಬಿಸಿನೀರಿಗೆ ಕರೆಂಟಿರಲಿಲ್ಲ. ಅಣ್ಣ ಬಾಟಲಿಯನ್ನು ಅಂಗಿಯೊಳಗೆ ಕಂಕುಳಲ್ಲಿ ಇಟ್ಟುಕೊಂಡು ಕೂತರು. ಒಂದು ಬೆಚ್ಚಗಾದ ಕೂಡಲೇ ಅದನ್ನು ಕೀಲಿಯ ಗೂಟಕ್ಕೆ ತೂಗುಹಾಕಿ ಇನ್ನೊಂದನ್ನು ಇಟ್ಟುಕೊಳ್ಳುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಮೂರನೆಯ ಮರಿ ನನ್ನ ಮಡಿಲಲ್ಲೇ ಹೋಯಿತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ: ಆಗ ನಾನು ಎಲ್ಲವನ್ನೂ ಮುಚ್ಚಿಬಿಡಬೇಕೆಂದು ನಿಶ್ಚಯಿಸಿದ್ದೆ. ಈ ಪ್ರಾಣಿಗಳಿಗೆ ನನ್ನಿಂದ ಏನೂ ಆಗುವುದಿಲ್ಲ, ನಾನು ಅವುಗಳಿಗೆ ಸುಮ್ಮನೆ ಆಸೆ ತೋರಿಸುತ್ತಿದ್ದೇನೆ ಎಂದು ಜೋರಾಗಿ ಅತ್ತೆ. ಅಣ್ಣ ಸಮಾಧಾನದ ಮಾತೇನೂ ಆಡಲಿಲ್ಲ. ಸತ್ತ ಮರಿಯನ್ನು ತಮ್ಮ ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, “ಬೆಳಕಾಗ್ಲಿ ಕಣಮ್ಮ, ಆಮೇಲೆ ನೋಡಣ” ಎಂದು ಮುಂದಿನ ಬಾಟಲಿಯನ್ನು ಕೈಗೆ ಕೊಟ್ಟರು.

ಐದು ಗಂಟೆಗೆ ಎದ್ದು ಹೋಗಿ ವಾರ್ಡಿಗೆ ನೀರು ಬಿಟ್ಟು, ಫ್ಲಾಸ್ಕಿನಲ್ಲಿ ಚಹಾ ತಂದರು. ಉಳಿದ ನಾಲ್ಕು ಮರಿಗಳು ಬದುಕಿದವು. ಬೆಳಗ್ಗೆ ಅಲ್ಲಿಗೆ ಬಂದ ಎಂಜಿನಿಯರು ಒಣಗಿದ ನೆಲವನ್ನೂ ಗೋಡೆಯ ಬಳೆಗಳಿಗೆ ಕಟ್ಟಿದ್ದ ನಾಯಿಗಳನ್ನೂ ನೋಡಿ, ಈ ಜಾಗಕ್ಕೆ ಅರ್ಜಿ ಕೊಡಿ ಎಂದರು. ಕಡತ ಹುಟ್ಟಿದ್ದು ಆ ಬೆಳಗ್ಗೆ. ದಾನಪತ್ರದಲ್ಲಿ ವಾಲ್‌ಮನ್ ಅಣ್ಣನ ಹೆಸರಿಗೆ ಜಾಗವಿಲ್ಲ. ಇಲ್ಲಿಯೂ ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ಮೂಲೆಯ ಕೋಣೆ ಇನ್ನು ಶಸ್ತ್ರಚಿಕಿತ್ಸಾ ಕೊಠಡಿಯಾಗಲಿದೆ. ವಾಲ್ವ್ ಕೀಲಿಗಳಿಗೆ ಬಾಗಿಲ ಹೊರಗೆ ಹೊಸ ಗೂಟ ಹೊಡೆಸಿದ್ದೇವೆ. ದೊಡ್ಡಿಯ ಬೀಗಕ್ಕೆ ಎರಡು ಕೀಲಿಗಳಿರುತ್ತವೆ. ಒಂದು ಟ್ರಸ್ಟಿನ ಬಳಿ, ಇನ್ನೊಂದು ಮೊದಲಿನ ಹಾಗೆ ಅಣ್ಣನ ಸೊಂಟದಲ್ಲೇ ಇರಬೇಕೆಂದು ನಿನ್ನೆಯ ಸಭೆಯಲ್ಲಿ ಬರೆದು ಸಹಿ ಹಾಕಿದ್ದೇವೆ.