ಆ ಒಂದು ಅಕ್ಷರ ಓದಿಕೊಟ್ಟವರಿಗೆ

ಎರಡನೇ ಮಹಾಯುದ್ಧದಲ್ಲಿ ಬಿದ್ದ ಸ್ಟೂಕಾ ಎಂಬ ಜರ್ಮನ್ ಬಾಂಬರ್ ವಿಮಾನದ ಫೋಟೋದಲ್ಲಿ, ಅದರ ಪಕ್ಕದ ಮೇಲಿನ ಗುರುತಿನ ಕೊನೆಯ, ಬಾಲದತ್ತಲಿನ ಅಕ್ಷರವನ್ನು ನಾವು ಎಲ್ ಎಂದು ಓದಿದ್ದೆವು. ಅದು ಕೆ ಎಂದು ತೋರಿಸಿಕೊಟ್ಟ, ಹೆಸರು ಹೇಳಲೊಲ್ಲದ ಮಹನೀಯರಿಗೆ ವಂದನೆಗಳು.

ಅಕ್ಷರ ಒಂದೇ, ವ್ಯತ್ಯಾಸ ದೊಡ್ಡದು. ಗುರುತಿನ ಮೊದಲಿನ ಟಿ6 ಎಂದರೆ 2ನೇ ಸ್ಟೂಕಾ ದಳ. ನಡುವಿನ ಜರ್ಮನ್ ಶಿಲುಬೆ ಚಿಹ್ನೆಯ ನಂತರದ ಮೊದಲ ಅಕ್ಷರ ವಿಮಾನದ್ದು, ಕೊನೆಯದು ತುಕಡಿಯದ್ದು. ಎಚ್, ಕೆ, ಎಲ್ ಕ್ರಮವಾಗಿ 1, 2, 3ನೇ ತುಕಡಿಗಳು. ತುಕಡಿ ತಪ್ಪಿದರೆ ಜರ್ಮನ್ ವಾಯುಪಡೆಯ ವಿಮಾನ ನಷ್ಟದ ಪಟ್ಟಿಯಲ್ಲಿ ಬೇರೆಯೇ ವಿಮಾನದ ಹಿಂದೆ ಅಲೆಯಬೇಕು.

ವಿಮಾನದ ಅಕ್ಷರಕ್ಕೆ ತುಕಡಿಯ ಬಣ್ಣವಿರುತ್ತದೆ: 2ನೆಯದಕ್ಕೆ ಕೆಂಪು, 3ನೆಯದಕ್ಕೆ ಹಳದಿ. ಆದರೆ ಕೆಂಪು ಬೆಳಕನ್ನು ಗ್ರಹಿಸದ ಆರ್ಥೋಕ್ರೊಮ್ಯಾಟಿಕ್ ಎಂಬ ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೇ ಬೀಳುತ್ತದೆ, ಹಾಗಾಗಿ ಬಣ್ಣವೊಂದನ್ನೇ ನಂಬುವಂತಿಲ್ಲ. ಪ್ರಿಂಟ್ ತಿರುವುಮುರುವಾಗಿದೆಯೇ ಎಂದೂ ಅವರು ಮೊದಲೇ ನೋಡಿದ್ದರು. ಎಚ್, ಎ, ಟಿ ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ಅವುಗಳಿಂದ ಅದು ತಿಳಿಯದು. ಎಂಜಿನ್‌ನ ಗಾಳಿಕೊಳವೆ ಮಾತ್ರ ಬಲಗಡೆಯೇ ಇರಬೇಕು.

ಇನ್ನೊಂದು ಎಚ್ಚರಿಕೆಗಂತೂ ವಿಶೇಷ ಕೃತಜ್ಞತೆ. ಫೋಟೋ ಹಿಂದೆ ಸೈನಿಕ ಬರೆದ ತಾರೀಖು ಚಿತ್ರ ತೆಗೆದ ದಿನದ್ದು, ವಿಮಾನ ಬಿದ್ದ ದಿನದ್ದಲ್ಲ. ಪಟ್ಟಿಯಲ್ಲಿ ಹಾನಿಯ ಶೇಕಡಾವಾರೂ ಇರುತ್ತದೆ. 60ರಿಂದ ಮೇಲಿದ್ದರೆ ಸಾಮಾನ್ಯವಾಗಿ ಗುಜರಿ. ಕಡಿಮೆಯಿದ್ದರೆ ರಿಪೇರಿಯಾಗಿ ಹೊಸ ಅಕ್ಷರಗಳೊಂದಿಗೆ ಮತ್ತೆ ಹಾರಿರಬಹುದು. ಬದಲಾಗದ್ದು ಕಾರ್ಖಾನೆಯ ಕ್ರಮಸಂಖ್ಯೆ ಒಂದೇ. ಬಾಲದ ರೆಕ್ಕೆಯ ಆ ಪುಟ್ಟ ಅಂಕಿಗಳಿಗಾಗಿ ಮೂಲ ನೆಗೆಟಿವ್ ಅನ್ನೇ ಸ್ಕ್ಯಾನ್ ಮಾಡಿ ಕಳಿಸಿದ್ದೀರಿ. ಈ ಉಪಕಾರ ಸಣ್ಣದಲ್ಲ, ಸ್ವಾಮಿ.